ಸಿದ್ದೇಗೌಡರ ಮೋಟಾರ್‌ಸೈಕಲ್ಲು

ಮೊನ್ನೆ ಪಾಂಡವಪುರದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಸೀಟು ಹೊಲಿಯುವ ಅಂಗಡಿಯಿಂದ ಅಂಟಿನ ವಾಸನೆ ಬಂತು. ಹೊಸ ರೆಕ್ಸಿನ್ನಿಗೆ ಬಳಿಯುವ ಹಳದಿ ಅಂಟು. ಒಮ್ಮೆ ಮೂಗಿಗೆ ಹತ್ತಿದರೆ ನಾಲಗೆಯ ಮೇಲೂ ಕೂರುವ ವಾಸನೆ ಅದು. ನಾನು ಅಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಇನ್ನು ಮೂರು ದಿನ ಎನ್ನುವಾಗ, ಅದೇ ಅಂಗಡಿಯ ಜಗಲಿಯ ಮೇಲೆ ಕೂತಿದ್ದೆ.

ಆ ವರ್ಷ ನನಗೆ ಕೆ.ಆರ್.ಪೇಟೆಗೆ ವರ್ಗವಾಗಿತ್ತು. ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಕೆಲಸ. ಮನೆ ಕಿರಂಗೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಪಾಂಡವಪುರ, ಚಿನಕುರಳಿ ದಾಟಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಕೆಸರು ಕಾಲಲ್ಲಿ ವಾಪಸ್ಸು ಬರುವುದು. ಜೂನ್ ಮೊದಲ ವಾರ ಗೋವಿಂದನಹಳ್ಳಿಯ ಆಚೆ ಒಂದು ಊರಿನಲ್ಲಿ ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು ಅಳತೆ ಇತ್ತು. ಊರಿನ ಹೆಸರು ಬೇಡ, ಅಲ್ಲಿನ ಜನ ಈಗಲೂ ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಅಳತೆ ಅರ್ಧಕ್ಕೆ ಬಂದಾಗ ಮಳೆ ಹಿಡಿಯಿತು. ಸರಪಳಿ, ನಕ್ಷೆ ಎಲ್ಲ ಬಾಚಿಕೊಂಡು ಹತ್ತಿರದ ಕೊಟ್ಟಿಗೆಗೆ ಓಡಿದೆವು. ಎಮ್ಮೆಗಳ ಹಿಂದೆ, ಹುಲ್ಲಿನ ಹೊರೆ ಮತ್ತು ಗೊಬ್ಬರದ ಚೀಲಗಳ ಸಂದಿಯಲ್ಲಿ ಎರಡು ಸೈಲೆನ್ಸರುಗಳ ತುದಿ ಕಾಣಿಸಿತು.

ಹುಲ್ಲು ಸರಿಸಿ ನೋಡಿದೆ. ಹಿಂದೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ನಮ್ಮ ಚಿಕ್ಕಪ್ಪನ ಹತ್ತಿರ ಅಂಥದೇ ಇತ್ತು. ಹದಿನೆಂಟನೇ ವಯಸ್ಸಿನಲ್ಲಿ ಕಿರಂಗೂರಿನ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ನಾನು ಓಡಿಸಲು ಕಲಿತದ್ದು ಅದರಲ್ಲಿ. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು ಹಾಕುವ ಕಡ್ಡಿ. ಅದರ ಸದ್ದು ಕೇಳಿದರೆ ಇವತ್ತಿಗೂ ಮಾಡುತ್ತಿರುವ ಕೆಲಸ ಬಿಟ್ಟು ತಿರುಗಿ ನೋಡುತ್ತೇನೆ.

"ಅದ ಮುಟ್ಬ್ಯಾಡಿ ಮೇಡಮ್ಮೋರೆ, ಆವು ಗೀವು ಇದ್ದಾವು," ಎಂದರು ಆ ಮನೆಯ ಹಿರಿಯ ಹೆಂಗಸು ದೇವೀರಮ್ಮ. ಎಪ್ಪತ್ತರ ಹತ್ತಿರದ ವಯಸ್ಸು, ಗಟ್ಟಿ ಜೀವ. ಮಗ ಪುಟ್ಟರಾಜುವಿನ ಕೈಯಲ್ಲಿ ನಮಗೆಲ್ಲ ಕಾಫಿ ಕಳಿಸಿ, ಹಿಂದೆಯೇ ತಾವೂ ಬಂದಿದ್ದರು.

"ಯಾರದವ್ವ ಇದು?"

"ನಮ್ಮೆಜಮಾನ್ರುದು. ಅವ್ರಿಗೆ ಪ್ರಾಣ ಕನವ್ವ. ಓಡುಸ್ತಿರ್ನಿಲ್ಲ, ಆದ್ರೂ ದಿನಾ ಒಂದ್ಸಲ ಬಂದು ನೋಡೋರು."

ಪುಟ್ಟರಾಜು ನಕ್ಕ. "ನಾನು ಚಿಕ್ಕೋನಿದ್ದಾಗ ಒಂದ್ಸಲ ಸೀಟ್ ಮ್ಯಾಲೆ ಅತ್ತಿ ಕೂತಿದ್ಕೆ ಬಾರುಕೋಲಲ್ಲಿ ಬಾರ್ಸುಬುಟ್ರು. ಯಾರ್ ಬಂದು ಕೇಳುದ್ರೂ ಮಾರ್ನಿಲ್ಲ. ಅಪ್ಪ ಓಗಿ ಎರಡ್ ವರ್ಸ ಆಯ್ತು, ಈಗ ಯಾರಿಗ್ ಬೇಕು ಇದು."

ಮಳೆ ನಿಲ್ಲಲಿಲ್ಲ. ದೇವೀರಮ್ಮ ನನ್ನ ಪಕ್ಕದಲ್ಲಿ ಕೂತು ಕತ್ತು ನೋಡಿದರು. "ಸರ್ಕಾರಿ ಕೆಲ್ಸದೋರು, ಕತ್ತಲ್ಲಿ ದಾರದಂಗೆ ಒಂದೆಳೆ ಆಕಂಡಿದ್ದೀರಲ್ಲ. ನಂಗೆ ನಮ್ಮವ್ವ ಕೊಟ್ಟಿದ್ದ ಚಿನ್ನದ್ ಗುಂಡಿನ ಸರ ಇತ್ತು ಕನವ್ವ. ಮನೇಲೇ ಕಳ್ಳಿ ಇದ್ಲು, ಓಯ್ತು."

"ಬುಡವ್ವ ಅದ್ನ," ಎಂದ ಪುಟ್ಟರಾಜು.

ಅವರು ಬಿಡಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಕಳ್ಳಿ ಎಂದರೆ ದೇವೀರಮ್ಮನ ಓರಗಿತ್ತಿ, ಮೈದುನನ ಹೆಂಡತಿ ನಿಂಗಮ್ಮ. ರಾಗಿ ಕೊಯ್ಲಿನ ದಿನ ಪೆಟ್ಟಿಗೆಯಲ್ಲಿದ್ದ ಸರ ಕಾಣೆಯಾಯಿತು. ಆ ದಿನ ಮನೆಯಲ್ಲಿದ್ದವಳು ಅವಳೊಬ್ಬಳೇ. ಊರು ಸೇರಿತು. ದೇವೀರಮ್ಮನ ಗಂಡ ಸಿದ್ದೇಗೌಡರು ಊರಿಗೆ ಯಜಮಾನರು, ನ್ಯಾಯ ಹೇಳುವವರು. ಅವರೇ ಗುಡಿಯಲ್ಲಿ ದೀಪ ಮುಟ್ಟಿ ಮನೆಯ ಮಿಕ್ಕವರು ಯಾರೂ ತೆಗೆದಿಲ್ಲವೆಂದು ಆಣೆ ಮಾಡಿದರು. ನಿಂಗಮ್ಮ ವರ್ಷದ ಹೆಣ್ಣುಕೂಸನ್ನು ಎತ್ತಿಕೊಂಡು ನಾಗಮಂಗಲದ ಕಡೆ ತವರಿಗೆ ಹೋದಳು. ಗಂಡ ಮೂರು ವರ್ಷಕ್ಕೆ ಇನ್ನೊಂದು ಮದುವೆಯಾದ, ಈಗ ಅವನೂ ಇಲ್ಲ. ದೇವೀರಮ್ಮ ಇದನ್ನು ಎಷ್ಟೋ ಸಲ ಹೇಳಿದವರ ಹಾಗೆ ಎಲ್ಲೂ ತಡವರಿಸದೆ ಹೇಳಿದರು. ನಾನು ಕೇಳಿ ಮರೆತೆ. ನನ್ನ ಕಣ್ಣೆಲ್ಲ ಗಾಡಿಯ ಮೇಲಿತ್ತು.

ಅಳತೆ ಮುಗಿದು, ನಕ್ಷೆ ಕೊಟ್ಟು, ಆ ಮನೆಯ ಜೊತೆ ಕಚೇರಿಯ ವ್ಯವಹಾರ ಪೂರ್ತಿ ತೀರಿದ ಮೇಲೆಯೇ ಗಾಡಿ ಕೇಳಲು ಹೋದೆ. ಆಷಾಢದಲ್ಲಿ ಕೊಂಡೆ. ಗೂಡ್ಸ್ ಆಟೋದಲ್ಲಿ ಹಾಕಿ ಹಗ್ಗ ಬಿಗಿಯುತ್ತಿದ್ದಾಗ ದೇವೀರಮ್ಮ ಹತ್ತಿರ ಬಂದು, "ಎಲ್ಲಾನೂ ಬಿಚ್ತೀರಾ ಮೇಡಮ್ಮೋರೆ?" ಎಂದು ಕೇಳಿದರು.

"ಎಲ್ಲ ಬಿಚ್ಚಲೇಬೇಕು ಅವ್ವ. ಒಂದು ನಟ್ಟೂ ಬಿಡೋ ಹಾಗಿಲ್ಲ."

"ಊಂ," ಎಂದು ಒಳಗೆ ಹೋದರು. ಆಟೋ ಹೊರಟಾಗ ಹೊರಗೆ ಬರಲಿಲ್ಲ.

ನಮ್ಮ ಮನೆಯವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಗುಜರಿಯೋರಿಗೂ ಇದು ಬೇಡವಾಯ್ತಾ?" ಎಂದು ಕೇಳಿದರು. ಮರುದಿನವೇ ಅದು ಗಂಜಾಮಿನ ನಜೀರ್ ಸಾಬರ ಶೆಡ್ಡು ಸೇರಿತು. ನಿಮಿಷಾಂಬ ಗುಡಿಗೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗಿನ ತಗಡಿನ ಶೆಡ್ಡು. ನಜೀರ್ ಸಾಬರಿಗೆ ಎಪ್ಪತ್ತು ದಾಟಿತ್ತು, ಇಂಥ ಗಾಡಿಗಳನ್ನು ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಒದೆಯುವ ಕಡ್ಡಿಯ ಮೇಲೆ ಕಾಲಿಟ್ಟು ಒತ್ತಿದರು. ಅಲುಗಲಿಲ್ಲ.

"ಪಿಸ್ಟನ್ ಕಚ್ಕೊಂಡಿದೆ ಬೇಟಿ. ಅವಸರ ಮಾಡಿದ್ರೆ ಮುರೀತದೆ. ದಿನಾ ಒಂದೊಂದು ಚಮಚ ಎಣ್ಣೆ ಬಿಡಬೇಕು, ಕೂಸಿಗೆ ಕುಡಿಸ್ದಂಗೆ."

ಶನಿವಾರ ಸಂಜೆ, ಭಾನುವಾರ ಪೂರ್ತಿ ನಾನು ಅಲ್ಲೇ. ಮಿಕ್ಕ ದಿನ ಅವರೇ ಸೀಮೆಎಣ್ಣೆ, ಆಯಿಲ್ ಬೆರೆಸಿ ಸಿಲಿಂಡರಿಗೆ ಹನಿಸುತ್ತಿದ್ದರು. ಹದಿನಾರನೇ ದಿನ ಕಡ್ಡಿ ಒಂದು ಬೆರಳಷ್ಟು ಇಳಿಯಿತು. ಸೈಲೆನ್ಸರುಗಳಿಂದ ಇಲಿಗೂಡು, ರಾಗಿ ಹೊಟ್ಟು, ಯಾವುದೋ ಮಗುವಿನ ಕಾಲುಚೀಲ ಬಂದವು. ಪೆಟ್ರೋಲ್ ಟ್ಯಾಂಕಿನೊಳಗೆ ಜಲ್ಲಿ ಹಾಕಿ ಎರಡು ಭಾನುವಾರ ಅಲುಗಾಡಿಸಿದೆ, ಭುಜ ಬಿದ್ದುಹೋಗುವಷ್ಟು. ತುಕ್ಕಿನ ನೀರು ಕೆಂಪಗೆ ಹರಿದು ಕೊನೆಗೆ ತಿಳಿಯಾಯಿತು. ಆಚೆ ಕಾವೇರಿ ಕೆಂಪಗೆ ಏರುತ್ತಿತ್ತು, ಗುಡಿಯ ಮುಂದಿನ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಭತ್ತದ ಸಸಿ ಮಡಿಯಿಂದ ಗದ್ದೆಗೆ ಹೋಗಿ ಹಸಿರು ಹಿಡಿಯುವಷ್ಟರಲ್ಲಿ ನಮ್ಮ ಗಾಡಿಯ ಮೈಗೆ ದಾಳಿಂಬೆ ಬಣ್ಣ ಬಂದಿತ್ತು.

ಒಂದು ವಿಷಯ ಮಾತ್ರ ನಜೀರ್ ಸಾಬರಿಗೆ ಸಮಾಧಾನವಿರಲಿಲ್ಲ. "ಈ ಇಂಜಿನ್ನಿಗೆ ಏನೂ ಆಗಿಲ್ಲ. ಟೈರ್ ನೋಡಿ, ಸವೆದಿಲ್ಲ. ಓಡ್ತಾ ಇದ್ದ ಗಾಡೀನ ಯಾಕೆ ನಿಲ್ಲಿಸಿಬಿಟ್ರು ಇವರು?"

ಉಳಿದದ್ದು ಸೀಟು. ನಜೀರ್ ಸಾಬರು ಹೇಳಿದಂತೆ ಅದನ್ನು ಪಾಂಡವಪುರದ ಶಿವಣ್ಣನ ಅಂಗಡಿಗೆ ಕೊಟ್ಟೆ. ಮರುದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅವನ ಫೋನು ಬಂತು.

"ಮೇಡಂ, ಒಸಿ ಬಂದೋಗಿ. ಫೋನಲ್ಲಿ ಏಳೋ ಅಂತದ್ದಲ್ಲ."

ಸಂಜೆ ಬಸ್ಸಿಳಿದು ಅವನ ಅಂಗಡಿಗೆ ಹೋದೆ. ಶಿವಣ್ಣ ಬಾಗಿಲು ಅರ್ಧ ಎಳೆದು, ಹೊಲಿಗೆ ಯಂತ್ರದ ಕೆಳಗಿನಿಂದ ಒಂದು ಡಬ್ಬಿ ತೆಗೆದ. ಅದರಲ್ಲಿ ಕಪ್ಪಗೆ ಗಟ್ಟಿಯಾದ ಕರವಸ್ತ್ರದ ಗಂಟು. ಬಿಚ್ಚಿದ. ಒಳಗೆ ಗುಂಡಿನ ಸರ. ಬಟ್ಟೆ ಮಣ್ಣಾಗಿತ್ತು, ಚಿನ್ನ ನಿನ್ನೆ ಬಿಚ್ಚಿಟ್ಟ ಹಾಗಿತ್ತು.

"ಸೀಟಿನ ನಾರಿನೊಳಗಿತ್ತು. ಮ್ಯಾಲೆ ರೆಕ್ಸಿನ್ ನೋಡಿ." ಹರಿದ ಹಳೆಯ ರೆಕ್ಸಿನ್ ತಿರುಗಿಸಿ ತೋರಿಸಿದ. ಅಡಿಯಲ್ಲಿ ಒಂದು ಗೇಣು ಉದ್ದದ ದಪ್ಪ ಹೊಲಿಗೆ. "ಇದು ಅಂಗಡಿ ಒಲಿಗೆ ಅಲ್ಲ ಮೇಡಂ. ಯಾರೋ ಮನೇಲಿ ಕುಯ್ದು, ಗೋಣಿ ಸೂಜೀಲಿ ಒಲ್ದವ್ರೆ. ಜೋಪಾನವಾಗಿ ಒಲ್ದವ್ರೆ."

ಕೊಟ್ಟಿಗೆಯ ಮಳೆ, ಕಾಫಿಯ ಲೋಟ, ನನ್ನ ಕತ್ತು ನೋಡಿದ ದೇವೀರಮ್ಮನ ಕಣ್ಣು ಎಲ್ಲ ಒಟ್ಟಿಗೆ ನೆನಪಾದವು. ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಒಳಗೆ ಅಂಟಿನ ಡಬ್ಬಿ ತೆರೆದಿತ್ತು, ಆ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಸಿದ್ದೇಗೌಡರಿಗೆ ಗಾಡಿ ಪ್ರಾಣವೆಂದು ಊರೆಲ್ಲ ನಂಬಿತ್ತು. ಮಗ ಸೀಟಿನ ಮೇಲೆ ಕೂತದ್ದಕ್ಕೆ ಬಾರುಕೋಲಿನ ಏಟು. ದಿನಕ್ಕೊಮ್ಮೆ ಕೊಟ್ಟಿಗೆಗೆ ಬಂದು ನೋಡುತ್ತಿದ್ದರಂತೆ. ಆಣೆ ಮಾಡಿದ ಮೇಲೆ ಆ ಸರವನ್ನು ತೆಗೆಯಲೂ ಆಗಲಿಲ್ಲ, ಗಾಡಿ ಓಡಿಸಲೂ ಆಗಲಿಲ್ಲ. ಅಷ್ಟು ವರ್ಷ, ಅಷ್ಟು ಹತ್ತಿರ ಇಟ್ಟುಕೊಂಡು ಆ ಮನುಷ್ಯ ಊರಿಗೆ ನ್ಯಾಯ ಹೇಳುತ್ತಲೇ ಇದ್ದರು.

ನಜೀರ್ ಸಾಬರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಅಮಾನತ್ ಬೇಟಿ. ಇನ್ನೊಬ್ಬರದು ನಮ್ಮ ಹತ್ತಿರ ಬಂದು ಕೂತಿದೆ. ಸೀದಾ ಹೋಗಿ ಕೊಟ್ಟುಬಿಡಿ. ಆದ್ರೆ ಇದು ಸರ ಕಳೆದುಕೊಂಡವರಿಗಷ್ಟೇ ಸೇರಿದ್ದಲ್ಲ, ನೆನಪಿಟ್ಕೊಳ್ಳಿ."

ಮಾರನೇ ದಿನ ಹೋದೆ. ಪಡಸಾಲೆಯಲ್ಲಿ ದೇವೀರಮ್ಮ ಅಲಸಂದೆಕಾಯಿ ಬಿಡಿಸುತ್ತಿದ್ದರು, ಪುಟ್ಟರಾಜು ಊಟಕ್ಕೆ ಬಂದಿದ್ದ. ಗಂಟು ಬಿಚ್ಚಿ ಅವರ ಮುಂದಿಟ್ಟೆ.

ಅವರು ಮುಟ್ಟಲಿಲ್ಲ. ಬಿಡಿಸುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಎಲ್ಲಿತ್ತು ಇದು?" ಎಂದು ಪುಟ್ಟರಾಜು ಕೇಳಿದ. ಹೇಳಿದೆ. ಹೊಲಿಗೆಯನ್ನೂ ಹೇಳಿದೆ. ಅವನ ಮುಖ ಬೂದಿಯಾಯಿತು. "ಮೇಡಂ, ಕೈ ಮುಗೀತೀನಿ, ಯಾರ್ಗೂ ಏಳ್ಬ್ಯಾಡಿ. ಸತ್ತೋರ್ ಮ್ಯಾಲೆ ಮಾತು ಬ್ಯಾಡ. ನಮ್ಮಪ್ಪನ್ ಎಸ್ರು ಊರಲ್ಲಿ ಎಂಗದೆ ಅಂತ ನಿಮ್ಗೂ ಗೊತ್ತು," ಎಂದ.

"ನಿಂಗಮ್ಮನಿಗೆ ಹೇಳಬೇಡವಾ ಪುಟ್ಟರಾಜು?"

"ಇಪ್ಪತ್ತೆಂಟ್ ವರ್ಸ ಆದ್ಮೇಲೆ ಏಳಿ ಏನ್ ಮಾಡ್ತೀರಿ?"

ನಾನು ದೇವೀರಮ್ಮನನ್ನು ನೋಡಿದೆ. ಅವರು ಕಾಯಿಯನ್ನು ಮೊರದೊಳಗೆ ಹಾಕಿ, ಎದ್ದು ಒಳಗೆ ಹೋಗಿ, ಚಿಲಕ ಹಾಕಿಕೊಂಡರು.

ಆಮೇಲಿನ ದಿನಗಳ ಬಗ್ಗೆ ನನಗೆ ನಾಚಿಕೆಯಿದೆ. ನಾನೇ ನಾಗಮಂಗಲಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅದು ಅವರ ಮನೆಯ ವಿಷಯ ಎಂದುಕೊಂಡೆ, ಸರ್ಕಾರಿ ಕೆಲಸದಲ್ಲಿರುವವಳಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಆಯುಧಪೂಜೆಯ ಹಿಂದಿನ ದಿನ ಗಾಡಿ ಮೂರನೇ ಒದೆತಕ್ಕೆ ಹತ್ತಿಕೊಂಡಿತು. ನೀಲಿ ಹೊಗೆ ಬೇವಿನ ಮರದೊಳಗೆ ತುಂಬಿ ಕಾಗೆಗಳು ಎದ್ದವು. ನಜೀರ್ ಸಾಬರು ಕಣ್ಣು ಮುಚ್ಚಿ ಸದ್ದು ಕೇಳುತ್ತ ನಿಂತರು. ನಾಲ್ಕು ತಿಂಗಳು ಕಾದ ಸದ್ದು ಅದು. ನನಗೆ ಖುಷಿಯಾಗಬೇಕಿತ್ತು. ಹೊಸ ಸೀಟಿನ ಮೇಲೆ ಕೂರುವ ಮುಂಚೆ ಅದರ ಹೊಲಿಗೆಯನ್ನು ಒಮ್ಮೆ ಬೆರಳಿನಿಂದ ಸವರಿದೆ, ಅಷ್ಟೇ.

ದೀಪಾವಳಿ ಕಳೆದ ಮೇಲೆ ದೇವೀರಮ್ಮ ಫೋನ್ ಮಾಡಿದರು.

"ಗಾಡಿ ಓಡ್ತದಾ ಮೇಡಮ್ಮೋರೆ?"

"ಓಡುತ್ತೆ ಅವ್ವ."

"ಅದ್ರಲ್ಲೇ ಕರ್ಕಂಡೋಗಿ. ನಾಗಮಂಗ್ಲುಕ್ಕೆ. ಪುಟ್ಟಂಗೆ ಏಳಿಲ್ಲ, ನೀವೂ ಏಳ್ಬ್ಯಾಡಿ."

ರಜೆ ಹಾಕಿದೆ. ಊರ ಹೊರಗಿನ ನಾಲೆಯ ಸೇತುವೆ ಹತ್ತಿರ ಅವರು ನಿಂತಿದ್ದರು, ಹೊಸ ಸೀರೆ, ಕೈಯಲ್ಲಿ ಬಟ್ಟೆಚೀಲ. ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ನನ್ನ ಸೊಂಟ ಹಿಡಿದರು. ಕೆ.ಆರ್.ಪೇಟೆ ದಾಟಿ ನಾಗಮಂಗಲದ ದಾರಿ ಹಿಡಿದೆ. ಎರಡೂ ಕಡೆ ರಾಗಿ ತೆನೆ ಬಾಗಿತ್ತು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, "ಒಸಿ ನಿಧಾನ." ಆಗ ನಾವು ತೀರಾ ನಿಧಾನವಾಗಿಯೇ ಹೋಗುತ್ತಿದ್ದೆವು.

ನಿಂಗಮ್ಮನ ಊರಿನಲ್ಲಿ ಕೇಳಿದಾಗ ಶಾಲೆ ತೋರಿಸಿದರು. ಅಲ್ಲಿ ಆಕೆ ಬಿಸಿಯೂಟದ ಅಡುಗೆಯವರು. ಮಕ್ಕಳ ಊಟ ಮುಗಿದಿತ್ತು. ಅಡುಗೆ ಕೋಣೆಯ ಹಿಂದೆ ಕೂತು ಬೂದಿಯಿಂದ ದೊಡ್ಡ ಪಾತ್ರೆ ಉಜ್ಜುತ್ತಿದ್ದರು. ಐವತ್ತು ದಾಟಿದ ಸಣ್ಣ ದೇಹ, ನೆರೆತ ಕೂದಲು, ಮೊಣಕೈವರೆಗೆ ಮಸಿ. ಗಾಡಿಯ ಸದ್ದಿಗೆ ತಲೆಯೆತ್ತಿ ಮೊದಲು ಗಾಡಿ ನೋಡಿದರು, ಆಮೇಲೆ ದೇವೀರಮ್ಮನನ್ನು.

ದೇವೀರಮ್ಮ ಚೀಲದಿಂದ ಸರ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು. "ನಿಂಗಿ, ಸಿಕ್ತು ಕನೆ," ಎಂದರು.

ನಿಂಗಮ್ಮ ಸರದ ಕಡೆ ಒಂದೇ ಸಲ ನೋಡಿದರು. ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಂಡರು.

"ಸೀಟಲ್ಲೇ ಇತ್ತಾ ಅಕ್ಕ?"

ಸೀಟಿನ ವಿಷಯ ನಾವಿನ್ನೂ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದವಳು ನಾನು.

"ಅವತ್ತು ಭಾವ ಕೊಯ್ಲಿಂದ ಒಬ್ರೇ ಬಂದು ಇತ್ಲಲ್ಲಿ ಕೂತ್ಕಂಡು ಸೀಟು ಒಲೀತಿದ್ರು ಮೇಡಂ. ನೀರ್ ಸೇದಕ್ಕೆ ಓದೋಳು ಕಂಡೆ. ರೆಕ್ಸಿನ್ ಅರ್ದಿತ್ತು ಅಂದ್ರು. ಸಂಜೆ ಸರ ಇಲ್ಲ ಅಂತ ಗಲಾಟೆ ಆದಾಗ ನಂಗೆ ಒಳುದ್ಬುಡ್ತು. ನನ್ ಗಂಡುಂಗೆ ಏಳ್ದೆ. ಅಣ್ಣನ್ ಮ್ಯಾಲೆ ಮಾತಾಡ್ತೀಯಾ ಅಂತ ಬಾಯ್ಗೆ ಒಡ್ದ." ಆಕೆ ದೇವೀರಮ್ಮನ ಕಡೆ ತಿರುಗಿದರು. ದನಿ ಏರಲಿಲ್ಲ. "ಆಮೇಲೆ ನಿಂಗೂ ಏಳಿದ್ನಲ್ಲಕ್ಕ. ಒಲೆ ಮುಂದೆ ಕಾಲಿಡ್ಕಂಡು ಏಳ್ದೆ. ಒಂದೇ ಒಂದ್ಸಲ ಗಾಡಿ ಸೀಟು ಬಿಚ್ಚಿ ನೋಡಕ್ಕ, ಇಲ್ದಿದ್ರೆ ನಾನೇ ಕಳ್ಳಿ ಅಂತ ಒಪ್ಕಂಡು ಓಯ್ತೀನಿ ಅಂದೆ."

ನಾನು ದೇವೀರಮ್ಮನ ಮುಖ ನೋಡಿದೆ. ಇಲ್ಲ ಎನ್ನುತ್ತಾರೆ ಎಂದು ಕಾದೆ. ಸರ ಮುಂದಿಟ್ಟ ದಿನ ಎಲ್ಲಿತ್ತು ಎಂದು ಅವರು ಕೇಳಿರಲಿಲ್ಲ. ಗಾಡಿ ಮಾರಿದ ದಿನ ಎಲ್ಲ ಬಿಚ್ತೀರಾ ಎಂದಷ್ಟೇ ಕೇಳಿದ್ದರು. ಇಪ್ಪತ್ತೆಂಟು ವರ್ಷ ಬಂದವರಿಗೆಲ್ಲ ಕಳ್ಳಿಯ ಕತೆ ಹೇಳಿದ್ದ ಬಾಯಿ ಈಗ ಒಣಗಿತ್ತು.

"ನೋಡುದ್ರೆ ಸಿಕ್ಬುಡ್ತದೆ ಅಂತ ನೋಡ್ನಿಲ್ಲ ಕನೆ," ಎಂದರು ದೇವೀರಮ್ಮ. "ಸಿಕ್ಕಿದ್ರೆ ನಾನ್ ಯಾರ್ ಜೊತೆ ಸಂಸಾರ ಮಾಡ್ಲಿ? ಮಕ್ಳು ಸಣ್ಣವು. ಅವ್ರು ತೀರೋದ್ ಮ್ಯಾಲಾದ್ರೂ ನೋಡಾವ ಅಂತ ಎರಡ್ ಸಲ ಕೊಟ್ಗೆಗೋದೆ. ಕೈ ಬರ್ನಿಲ್ಲ."

ತರಗತಿಯೊಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ದೇವೀರಮ್ಮ ಬಗ್ಗಿ ಸರವನ್ನು ಪಾತ್ರೆಯ ಪಕ್ಕದ ಕಲ್ಲಿನ ಮೇಲಿಟ್ಟು, "ಇದು ನಿಂದೇ, ಇಟ್ಕೊ," ಎಂದರು.

"ನಂಗ್ಯಾಕಕ್ಕ ಇದು? ನಾನು ಇದ್ನ ಕೇಳಿದ್ನಾ?" ನಿಂಗಮ್ಮ ಸರವನ್ನು ಎತ್ತಿ ಅವರ ಚೀಲದೊಳಗೇ ಹಾಕಿದರು. "ಕಳ್ಳಿ ಅಂದಿದ್ದು ಊರ್ ಮುಂದೆ. ಪಕ್ಕದ್ ಮನೆ ಕೆಂಪಮ್ಮ ನನ್ ಸೀರೆ ಗಂಟ ಎತ್ತಿ ಚರಂಡಿಗೆ ಎಸ್ದಿದ್ದು ಊರ್ ಮುಂದೆ. ಇಲ್ಲಿ ನಾನೊಬ್ಳೇ ಇದ್ದೀನಿ, ನಂಗ್ ಯಾಕೆ ಏಳ್ತೀಯ? ನಂಗೆ ಗೊತ್ತಿರೋದೆ. ಅಲ್ಲಿ ಏಳು."

ಆಮೇಲೆ ಆಕೆ ಉಳಿದ ಅನ್ನಸಾರು ಬಡಿಸಿದರು. ಬೇಡ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಉಂಡೆವು. ಹೊರಡುವಾಗ ನನ್ನ ನಂಬರು ಬರೆದುಕೊಂಡರು.

ವಾಪಸ್ಸು ಬರುವಾಗ ದೇವೀರಮ್ಮ ನನ್ನ ಸೊಂಟ ಹಿಡಿಯಲಿಲ್ಲ, ಸೀಟಿನ ಅಂಚು ಹಿಡಿದು ಕೂತಿದ್ದರು. ಸೇತುವೆಯ ಹತ್ತಿರ ಇಳಿದು, "ನಾಡಿದ್ದು ಬೆಳಿಗ್ಗೆ ಡೈರಿ ಅತ್ರ ಬನ್ನಿ. ನನ್ ಬಾಯಿ ಕಟ್ಕಂಡ್ರೆ ನೀವೇ ಏಳ್ಬುಡಿ," ಎಂದರು.

ಹೇಳಿದ ದಿನ ಆರೂವರೆಗೇ ಡೈರಿಯ ಮುಂದೆ ನಿಂತಿದ್ದೆ. ಮಂಜು ಬಿದ್ದಿತ್ತು. ಕ್ಯಾನು, ತಂಬಿಗೆ ಹಿಡಿದ ನಲವತ್ತು ಐವತ್ತು ಜನ ಸಾಲಿನಲ್ಲಿದ್ದರು, ಪುಟ್ಟರಾಜುವೂ ಇದ್ದ. ದೇವೀರಮ್ಮ ಬರಿಗೈಯಲ್ಲಿ ಬಂದು ಡೈರಿಯ ಮೆಟ್ಟಿಲು ಹತ್ತಿದರು. ಸೆರಗಿನೊಳಗಿನಿಂದ ಸರ ತೆಗೆದು ಎತ್ತಿ ಹಿಡಿದರು.

"ಎಲ್ರೂ ನೋಡ್ರಪ್ಪ. ನನ್ ಸರ. ನಿಂಗಿ ಕದೀನಿಲ್ಲ. ನನ್ ಗಂಡ ಗಾಡಿ ಸೀಟೊಳಗೆ ಇಟ್ಟು ಒಲ್ದಿದ್ರು. ಯಾತಕ್ಕೋ ನಂಗ್ ಗೊತ್ತಿಲ್ಲ. ಅಲ್ಲೇ ಅದೆ ಅಂತ ನಿಂಗಿ ಅವತ್ತೇ ನಂಗೆ ಏಳಿದ್ಲು. ನಾನು ನೋಡ್ನಿಲ್ಲ. ತಪ್ಪು ನಂದು, ನಮ್ಮನೇದು."

ಇಷ್ಟೇ. ಬಾಯಿ ಕಟ್ಟಲಿಲ್ಲ. ನಾನು ಏನೂ ಹೇಳಬೇಕಾಗಲಿಲ್ಲ.

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಪುಟ್ಟರಾಜು ಹಾಲು ಹಾಕದೆ, ಯಾರ ಮುಖವನ್ನೂ ನೋಡದೆ, ಕ್ಯಾನು ಹಿಡಿದು ಮನೆಗೆ ನಡೆದ. ಆರು ತಿಂಗಳು ಅವನು ತಾಯಿಯ ಜೊತೆ ಮಾತಾಡಲಿಲ್ಲವೆಂದು ಆಮೇಲೆ ಕೇಳಿದೆ. ಈಗ ಮಾತಾಡುತ್ತಾನೆ. ಆ ಸರವನ್ನು ದೇವೀರಮ್ಮ ಏನು ಮಾಡಿದರೋ, ನಾನು ಕೇಳಿಲ್ಲ.

ಕಚೇರಿಗೆ ಬಂದು ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆಯುವಷ್ಟರಲ್ಲಿ ಫೋನು ಬಂತು. ನಿಂಗಮ್ಮ. ಹಿಂದೆ ಒಗ್ಗರಣೆಯ ಚಟಪಟ ಕೇಳುತ್ತಿತ್ತು.

"ಏಳುದ್ಲಾ ಮೇಡಂ?"

"ಹೇಳಿದರು. ಡೈರಿ ಮುಂದೆ, ಎಲ್ಲರೆದುರಿಗೂ."

"ಯಾರ್ ಯಾರ್ ಇದ್ರು?"

ಆ ಊರಿನ ಪಹಣಿಗಳನ್ನು ತಿಂಗಳುಗಟ್ಟಲೆ ಓದಿದ್ದವಳು ನಾನು. ಕಂಡವರ ಹೆಸರು ಒಂದೊಂದಾಗಿ ಹೇಳುತ್ತ ಹೋದೆ. ಪ್ರತಿ ಹೆಸರಿಗೂ ಆಕೆ "ಊಂ" ಎನ್ನುತ್ತಿದ್ದರು. ತಾವೇ ಕೆಲವರನ್ನು ಕೇಳಿದರು. ಅವರು ತೀರಿಕೊಂಡರು ಎಂದೆ. ಇನ್ನೊಬ್ಬರನ್ನು ಕೇಳಿದರು. ಅವರೂ ಇಲ್ಲ ಎಂದೆ. ಒಗ್ಗರಣೆಯ ಸದ್ದು ನಿಂತುಹೋಗಿತ್ತು.

"ಕೆಂಪಮ್ಮ ಅವ್ಳಾ?"

"ಇದ್ದಾರೆ. ಸಾಲಿನಲ್ಲೇ ಇದ್ದರು."

"ಏನಂದ್ಲು?"

"ಏನೂ ಅನ್ನಲಿಲ್ಲ. ತಂಬಿಗೆ ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು."

ಫೋನು ಕಡಿದು ಹೋಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇತ್ತು.

"ಇನ್ನೊಂದ್ಸಲ ಏಳಿ ಮೇಡಂ," ಎಂದರು. "ದೇವೀರಕ್ಕ ಮೆಟ್ಲು ಅತ್ತಿದ್ಲಲ್ಲ, ಅಲ್ಲಿಂದ ಏಳಿ."

ನಾನು ಮೊದಲಿನಿಂದ ಹೇಳತೊಡಗಿದೆ.